ಕೆಂಗೇರಿ ಸೈಟಲ್ಲಿ ಸಿಕ್ಕ ಟೈಲ್ಸ್ ಹುಡುಗನಿಗೆ ಥ್ಯಾಂಕ್ಸ್

ಗಾರ್ಮೆಂಟ್ಸ್ ಕೆಲಸ ಹೋದ್ಮೇಲೆ 47ನೇ ವಯಸ್ಸಲ್ಲಿ ಟೈಲ್ಸ್ ಹಾಕೋ ಕಡೆ ಹೆಲ್ಪರ್ ಆಗಿ ಸೇರ್ಕೊಂಡೆ, ಈ ವಯಸ್ಸಲ್ಲಿ ಮಂಡಿ ಊರೋ ಕೆಲಸ ಯಾಕೆ ಅಂತ ಮನೇಲೂ ಅಂದ್ರು. ಅವತ್ತು ನಮ್ಮ ಮೇಸ್ತ್ರಿಗೆ ಊರಿಂದ ಫೋನ್ ಬಂದು ಅರ್ಧಕ್ಕೇ ಹೊರಟ್ರು, ಬಾತ್‌ರೂಮ್ ನೆಲ ನಾನೇ ಮುಗಿಸ್ಬೇಕು, ಕಲಸಿದ ಸಿಮೆಂಟ್ ಮಾಲು ಬೇರೆ ಗಟ್ಟಿಯಾಗ್ತಾ ಇದೆ, ಎಷ್ಟು ಇಳಿಜಾರು ಕೊಡ್ಬೇಕು ಅಂತ ಗೊತ್ತಿಲ್ಲ, ಕೈ ನಡುಗ್ತಿತ್ತು.

ಪಕ್ಕದ ಫ್ಲಾಟಲ್ಲಿ ಟೈಲ್ಸ್ ಸಂದಿಗೆ ಗ್ರೌಟ್ ತುಂಬ್ತಿದ್ದ ಹುಡುಗ, ಮಾತು ಕೇಳಿದ್ರೆ ಯಾದಗಿರಿ ಕಡೆಯವ್ನು ಅನ್ಸುತ್ತೆ, ನನ್ನ ಮಗನ ವಯಸ್ಸು, ಬಾಗಿಲಲ್ಲಿ ನಿಂತು ನೋಡಿ "ಅಂಜಬ್ಯಾಡ್ರಿ ಅಣ್ಣಾರ, ಈ ದಾರ ಹಿಡೀರಿ" ಅಂದ. ಗೋಡೆಯಿಂದ ಟ್ರ್ಯಾಪ್ (ನೆಲದಲ್ಲಿ ನೀರು ಹೋಗೋ ಜಾಗ) ಕಡೆ ದಾರ ಎಳೆದು ಒಂದು ಅಡಿ ಉದ್ದಕ್ಕೆ ಕಾಲಿಂಚು ಇಳಿಸಿ ತೋರಿಸ್ದ, ಒಂದು ಟೈಲ್ ಮಾತ್ರ ತಾನು ಕೂರಿಸಿ ಉಳಿದಿದ್ದೆಲ್ಲ ನನ್ ಕೈಲೇ ಹಾಕಿಸ್ದ. ರಬ್ಬರ್ ಸುತ್ತಿಗೇಲಿ ತಟ್ಟಿ ಕೇಳ್ರಿ, ಟೊಳ್ಳು ಸಪ್ಪಳ ಬಂದ್ರ ಎತ್ತಿ ಮತ್ತ ಮಾಲು ತುಂಬ್ರಿ ಅಂತಿದ್ದ. ನಾನು ಮಂಡಿ ಒತ್ಕೋತಿದ್ದಿದ್ದು ನೋಡಿ ಏನೂ ಮಾತಾಡ್ದೆ ತನ್ನ ಮಂಡಿಗೆ ಕಟ್ಟಿದ್ದ ನೀ ಪ್ಯಾಡ್ ಬಿಚ್ಚಿ ಕೊಟ್ಟು, ತಾನು ಖಾಲಿ ಸಿಮೆಂಟ್ ಚೀಲ ಮಡಚಿ ಹಾಕ್ಕೊಂಡು ಕೂತ.

ಗ್ರೌಟ್ ಎಲ್ಲ ಒಣಗಿದ್ಮೇಲೆ ಬಕೆಟ್ ನೀರು ಸುರಿದು ನೋಡಿದ್ರೆ ಯಾವ ಮೂಲೇಲೂ ನಿಲ್ದೆ ಸೀದಾ ಟ್ರ್ಯಾಪಿಗೆ ಹೋಯ್ತು, ಅಬ್ಬಾ ಅನ್ಸ್ತು. ಮೇಸ್ತ್ರಿ ಬಂದು ನೋಡಿ ಏನೂ ಅನ್ಲಿಲ್ಲ (ಅವರ ಲೆಕ್ಕದಲ್ಲಿ ಅದೇ ಶಹಬ್ಬಾಸ್). ಅಷ್ಟರಲ್ಲಿ ಆ ಹುಡುಗನ ಟೀಮ್ ಬೇರೆ ಸೈಟಿಗೆ ಹೋಗಿತ್ತು.

ತಮ್ಮಾ, ಇದನ್ನ ಓದಿದ್ರೆ ತುಂಬಾ ಥ್ಯಾಂಕ್ಸ್ ಕಣೋ. ನಿನ್ನ ನೀ ಪ್ಯಾಡ್ ನನ್ ಹತ್ರಾನೇ ಇದೆ, ಈಗ ಎಲ್ಲಿ ಕೆಲಸ ಅಂತ ಹೇಳು, ನಾನೇ ತಂದ್ಕೊಡ್ತೀನಿ.