ಸಮಿತಿ ಸದಸ್ಯರ ಗಮನಕ್ಕೆ: ಭಾನುವಾರದ ಸಭೆ

ಎಲ್ಲರಿಗೂ ನಮಸ್ಕಾರ. ಸೌರಶಕ್ತಿ ಹಬ್ಬದ ಸಭೆ ಭಾನುವಾರ ಬೆಳಿಗ್ಗೆ 10ಕ್ಕೆ, ಮಂಡ್ಯದಲ್ಲಿ, ಮಾಮೂಲಿ ಜಾಗದಲ್ಲೇ. ಹೋದ ಸಲ ಬಂದವರು ನಾಲ್ಕೇ ಜನ. ಶಾಮಿಯಾನದವರಿಗೆ ಮುಂಗಡ ಕೊಟ್ಟಿದ್ದೂ ನಾನೇ, ಕುರ್ಚಿ ಎಣಿಸಿದ್ದೂ ನಾನೇ. ಸಂಬಳವಿಲ್ಲದ ಕೆಲಸ ನಿಜ, ಆದರೆ ಒಪ್ಪಿಕೊಂಡಿದ್ದೀವಲ್ಲ!

ಮಳಿಗೆಗೆ ಬರೋರು ಮೊದಲು ಕೇಳೋದೇ ಸಬ್ಸಿಡಿ. 2024ರಲ್ಲಿ ಶುರುವಾದ, ಮನೆ ಚಾವಣಿಗೆ ಸೌರ ಪ್ಯಾನೆಲ್ ಹಾಕಿಸೋ ಕೇಂದ್ರ ಸರ್ಕಾರದ ಯೋಜನೆ ಪಿಎಂ ಸೂರ್ಯ ಘರ್‌ನಲ್ಲಿ ಮನೆಗೆ 2 ಕಿಲೋವ್ಯಾಟ್‌ಗೆ 60,000, 3 ಕಿಲೋವ್ಯಾಟ್‌ಗೆ 78,000 ರೂಪಾಯಿ. ಅದಕ್ಕಿಂತ ದೊಡ್ಡದು ಹಾಕಿಸಿದರೂ ಅಷ್ಟೇ. ದುಡ್ಡು ಮೊದಲೇ ಕೈಗೆ ಬರಲ್ಲ. ಪ್ಯಾನೆಲ್ ಕೂರಿಸಿ, ನೆಟ್ ಮೀಟರ್ (ಬಳಸಿದ ಕರೆಂಟನ್ನೂ ವಾಪಸ್ ಕೊಟ್ಟ ಕರೆಂಟನ್ನೂ ಅಳೆಯೋದು) ಹಾಕಿ, ಪರಿಶೀಲನೆ ಮುಗಿದ ಮೇಲೆ ಖಾತೆಗೆ ಬರುತ್ತೆ. ಇದನ್ನ ಬಿಡಿಸಿ ಹೇಳಿ, ಆಮೇಲೆ ಬೈಸಿಕೊಳ್ಳೋದು ಬೇಡ.

1902ರಲ್ಲಿ ನಮ್ಮ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ಕರೆಂಟ್ ಹೋದ ಕಥೆಯ ಫಲಕ ಬಾಗಿಲಲ್ಲೇ ಇರಲಿ.

ಬರಲಾಗದವರು ಇವತ್ತೇ ಬರೆದು ತಿಳಿಸಿ. ಬರೀ ಹೆಬ್ಬೆರಳು ಒತ್ತಿ ಸುಮ್ಮನಾಗಬೇಡಿ.