ವಂಶಾವಳಿ ಬರೆಸಿಕೊಟ್ಟ ಹಿರಿಯರಿಗೆ ಕೃತಜ್ಞತೆಗಳು

ಕಲಬುರಗಿ ಮತ್ತು ಯಾದಗಿರಿ ಜಿಲ್ಲೆಗಳ ಕುಟುಂಬಗಳಲ್ಲಿ ಹುಟ್ಟಿನಿಂದಲೇ ಕಾಣಿಸುವ ಕಿವುಡುತನದ ಅನುವಂಶೀಯ ಕಾರಣಗಳನ್ನು ಕುರಿತು ನಾನು ಸಲ್ಲಿಸಿದ್ದ ಮಹಾಪ್ರಬಂಧಕ್ಕೆ ಡಾಕ್ಟರೇಟ್ ಪದವಿ ದೊರೆತಿದೆ. ಪ್ರಬಂಧದ ಮೊದಲ ಪುಟಗಳಲ್ಲಿ ಪದ್ಧತಿಯಂತೆ ಮಾರ್ಗದರ್ಶಕರಿಗೂ ವಿಭಾಗಕ್ಕೂ ವಂದನೆ ಸಲ್ಲಿಸಿದ್ದೇನೆ. ಆದರೆ ಈ ಕೆಲಸದ ಅರ್ಧವನ್ನು ಮಾಡಿಕೊಟ್ಟವರ ಹೆಸರುಗಳನ್ನು ಅಲ್ಲಿ ಬರೆಯುವಂತಿರಲಿಲ್ಲ. ಅಧ್ಯಯನದಲ್ಲಿ ಭಾಗವಹಿಸಿದವರ ಗುರುತನ್ನು ಹೊರಗೆಡಹಬಾರದೆಂಬುದು ನಿಯಮ, ಮತ್ತು ಅದು ನ್ಯಾಯವಾದ ನಿಯಮ. ಹೆಸರು ಹೇಳದೆಯೇ ಅವರಿಗೆ ಸಲ್ಲಬೇಕಾದ ಕೃತಜ್ಞತೆಯನ್ನು ಬಹಿರಂಗವಾಗಿ ಸಲ್ಲಿಸಲು ಈ ಬರಹ.

ಅನುವಂಶೀಯ ಕಾಯಿಲೆಯ ಅಧ್ಯಯನ ಆರಂಭವಾಗುವುದು ಮನೆಯ ಕಟ್ಟೆಯ ಮೇಲೆ, ಮೂರು ನಾಲ್ಕು ತಲೆಮಾರುಗಳ ವಂಶಾವಳಿಯನ್ನು ಬರೆದುಕೊಳ್ಳುವುದರಿಂದ. ಗಂಡಸರಿಗೆ ಚೌಕ, ಹೆಂಗಸರಿಗೆ ವೃತ್ತ, ಕಾಯಿಲೆ ಇದ್ದವರಿಗೆ ಕಪ್ಪು ತುಂಬಿದ ಗುರುತು, ರಕ್ತಸಂಬಂಧದ ಮದುವೆಗೆ ಜೋಡಿಗೆರೆ. ಗುರುತುಗಳನ್ನು ಒಂದು ಮಧ್ಯಾಹ್ನದಲ್ಲಿ ಕಲಿಯಬಹುದು. ಆದರೆ ಯಾರನ್ನು ಯಾರಿಗೆ ಕೊಟ್ಟರು, ಯಾರು ಉಡಿಕೆಯಾಗಿ, ಅಂದರೆ ಮರುಮದುವೆಯಾಗಿ, ಬಂದರು, ಯಾವ ಮಗ ದತ್ತಕಕ್ಕೆ ಬಂದವನು, ಯಾವ ಕೂಸು ಹೆಸರಿಡುವ ಮೊದಲೇ ತೀರಿಹೋಯಿತು ಎಂಬ ವಿವರಗಳು ಯಾವ ಕಚೇರಿಯ ಕಡತದಲ್ಲೂ ಒಟ್ಟಿಗೆ ಸಿಗುವುದಿಲ್ಲ. ಅವು ಇರುವುದು ಮನೆಯ ಹಿರಿಯ ಹೆಂಗಸರ ನೆನಪಿನಲ್ಲಿ. ಚಿಂಚೋಳಿ ತಾಲೂಕಿನ ಒಂದು ಮನೆಯಲ್ಲಿ ಆಯಿಯೊಬ್ಬರು ಮೊರದಲ್ಲಿ ತೊಗರಿ ಹಸನು ಮಾಡುತ್ತ, ಕೈ ನಿಲ್ಲಿಸದೆ, ‘ಬರ್ಕೋ ತಂಗಿ, ಈಕಿನ್ನ ಆಕಿ ಖಾಸ ಸೋದರಮಾವಗೇ ಕೊಟ್ಟೀವಿ, ಈಕಿ ಅವ್ವನ್ನೂ ಹಂಗೇ ಕೊಟ್ಟಿದ್ವಿ’ ಎಂದು ಹೇಳಿದರು. ಆ ಒಂದು ಮಾತಿನಿಂದ ಆ ಕುಟುಂಬದ ಇಡೀ ಲೆಕ್ಕಾಚಾರ ಸ್ಪಷ್ಟವಾಯಿತು. ದತ್ತಕದ ವಿಷಯವಂತೂ ಎಲ್ಲರೆದುರು ಆಡುವ ಮಾತಲ್ಲ. ಆದರೂ ಅದು ತಿಳಿಯದಿದ್ದರೆ, ರಕ್ತದ ಸಂಬಂಧವಿಲ್ಲದ ಕೊಂಡಿಯ ಮೂಲಕ ಕಾಯಿಲೆ ಹರಿದುಬಂತೆಂದು ನಾವು ಬರೆದುಬಿಡುವ ಅಪಾಯವಿರುತ್ತದೆ. ಅಂಥ ಸಂಗತಿಗಳನ್ನು ನನ್ನನ್ನು ಅಡುಗೆಮನೆಗೆ ಕರೆದು, ಬಾಗಿಲು ಮುಂದೆ ಮಾಡಿ ಹೇಳಿದ ತಾಯಂದಿರ ವಿಶ್ವಾಸಕ್ಕೆ ನಾನು ಎಂದೆಂದಿಗೂ ಋಣಿ.

ಈ ವಿಜ್ಞಾನ ಮೊದಲಿನಿಂದಲೂ ಇಂಥ ಕುಟುಂಬದ ಮಾಹಿತಿಯನ್ನೇ ಆಧರಿಸಿ ಬೆಳೆದಿದೆ. 1902ರಲ್ಲಿ ಲಂಡನ್ನಿನ ವೈದ್ಯ ಆರ್ಚಿಬಾಲ್ಡ್ ಗ್ಯಾರಡ್ ಅವರು ಮೂತ್ರ ಕಪ್ಪಾಗುವ ಆಲ್ಕಾಪ್ಟೊನೂರಿಯ ಎಂಬ ಅಪರೂಪದ ಕಾಯಿಲೆಯನ್ನು ಅಭ್ಯಾಸ ಮಾಡುವಾಗ, ಆ ಮಕ್ಕಳ ತಂದೆತಾಯಿಗಳಲ್ಲಿ ಅನೇಕರು ಅಣ್ಣತಮ್ಮ ಅಕ್ಕತಂಗಿಯರ ಮಕ್ಕಳೇ ಆಗಿರುವುದನ್ನು ಗಮನಿಸಿದರು. ಮೆಂಡೆಲ್ ಹೇಳಿದ ಅನುವಂಶೀಯತೆಯ ನಿಯಮ ಮನುಷ್ಯರ ಕಾಯಿಲೆಗೂ ಅನ್ವಯಿಸುತ್ತದೆಂದು ಮೊದಲು ಸ್ಪಷ್ಟವಾದದ್ದು ಆಗಲೇ. ನಮ್ಮ ರಾಜ್ಯದಲ್ಲಿ 1980ರ ದಶಕದಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಎನ್. ಅಪ್ಪಾಜಿ ರಾವ್ ಮತ್ತು ಅವರ ಸಂಗಡಿಗರು ನವಜಾತ ಶಿಶುಗಳ ತಪಾಸಣೆಯ ಜೊತೆಗೆ ರಕ್ತಸಂಬಂಧದ ಮದುವೆಗಳನ್ನೂ ವಿಸ್ತಾರವಾಗಿ ಅಧ್ಯಯನ ಮಾಡಿದ್ದರು. ಆ ದಾರಿಯಲ್ಲೇ ನಾನೂ ನಡೆದಿದ್ದೇನೆ.

ತಂದೆತಾಯಿಗಳಿಂದ ಮಕ್ಕಳಿಗೆ ಗುಣಗಳನ್ನು ದಾಟಿಸುವ ಘಟಕವೇ ಜೀನ್. ಮನುಷ್ಯನಲ್ಲಿ ಬಹುತೇಕ ಪ್ರತಿಯೊಂದು ಜೀನಿಗೂ ಎರಡು ಪ್ರತಿಗಳಿರುತ್ತವೆ, ಒಂದು ತಾಯಿಯಿಂದ, ಮತ್ತೊಂದು ತಂದೆಯಿಂದ. ಸೋದರಮಾವ ಮತ್ತು ಅಕ್ಕನ ಮಗಳ ಮದುವೆಯಲ್ಲಿ ಹುಟ್ಟುವ ಮಗುವಿಗೆ, ಒಂದು ಜೀನಿನ ಎರಡೂ ಪ್ರತಿಗಳು ಒಬ್ಬರೇ ಪೂರ್ವಜರಿಂದ ಬಂದಿರುವ ಸಂಭವ ಎಂಟರಲ್ಲಿ ಒಂದು; ಅತ್ತೆಯ ಅಥವಾ ಮಾವನ ಮಕ್ಕಳೊಡನೆ ಆಗುವ ಮದುವೆಯಲ್ಲಿ ಅದು ಹದಿನಾರರಲ್ಲಿ ಒಂದು. ಹೀಗೆಂದ ಮಾತ್ರಕ್ಕೆ ಸೋದರಿಕೆಯ ಮದುವೆಯಲ್ಲಿ ಹುಟ್ಟಿದ ಮಕ್ಕಳೆಲ್ಲ ಕಾಯಿಲೆಯವರೆಂದಲ್ಲ. ಅವರಲ್ಲಿ ಹೆಚ್ಚಿನವರು ಆರೋಗ್ಯವಂತರೇ. ಮಗಳು ಕಣ್ಣೆದುರಿಗೇ ಇರಲಿ, ಗೊತ್ತಿದ್ದ ಮನೆಯಲ್ಲಿ ಬಾಳಲಿ ಎಂಬ ಕಾಳಜಿಯಿಂದ ನಡೆದುಬಂದ ಪದ್ಧತಿಯನ್ನು ಪಟ್ಟಣದಿಂದ ಬಂದವರು ತಾತ್ಸಾರದಿಂದ ನೋಡುವುದು ಸಲ್ಲದೆಂಬುದು ನನ್ನ ದೃಢವಾದ ಅಭಿಪ್ರಾಯ. ಅಪಾಯವನ್ನು ತಿಳಿಸಬೇಕು, ಮರ್ಯಾದೆಯಿಂದ ತಿಳಿಸಬೇಕು.

ಹುಟ್ಟುಕಿವುಡಿಗೆ ಸಂಬಂಧಿಸಿದ ಜೀನುಗಳು ನೂರಕ್ಕೂ ಹೆಚ್ಚಿವೆ. ಅವುಗಳಲ್ಲಿ ಅತಿ ಮುಖ್ಯವಾದದ್ದು 13ನೆಯ ಕ್ರೋಮೋಸೋಮಿನಲ್ಲಿರುವ (ಜೀನುಗಳನ್ನು ಹೊತ್ತ ಎಳೆಗೆ ಕ್ರೋಮೋಸೋಮ್ ಎನ್ನುತ್ತಾರೆ) ಜಿಜೆಬಿ2. ಒಳಗಿವಿಯ ಜೀವಕೋಶಗಳ ನಡುವೆ ಪೊಟ್ಯಾಸಿಯಂ ಅಯಾನುಗಳೂ ಸಣ್ಣ ಅಣುಗಳೂ ದಾಟಿಹೋಗಲು ಬೇಕಾದ ಕನೆಕ್ಸಿನ್ 26 ಎಂಬ ಪ್ರೋಟೀನನ್ನು ಈ ಜೀನ್ ತಯಾರಿಸುತ್ತದೆ. ಅಮೈನೋ ಆಮ್ಲಗಳೆಂಬ 226 ಕೊಂಡಿಗಳ ಸರಪಳಿಯಾದ ಈ ಪ್ರೋಟೀನಿನಲ್ಲಿ 24ನೆಯ ಸ್ಥಾನಕ್ಕೆ ಬಂದಾಗ, ಜೀನಿನ ಬರಹದಲ್ಲಿ ಆದ ಒಂದೇ ಒಂದು ಅಕ್ಷರದ ಬದಲಾವಣೆಯಿಂದ ತಯಾರಿಕೆ ಅಲ್ಲಿಯೇ ನಿಂತುಹೋಗುವ ದೋಷವನ್ನು ಡಬ್ಲ್ಯೂ24ಎಕ್ಸ್ ಎಂದು ಕರೆಯುತ್ತಾರೆ. ಯುರೋಪಿನಲ್ಲಿ ಇದೇ ಜೀನಿನ ಬೇರೊಂದು ದೋಷ ಹೆಚ್ಚು. ಭಾರತದಲ್ಲಿ ಹೆಚ್ಚಾಗಿ ಕಾಣುವುದು ಇದು. ನಮ್ಮ ಕೆಲವು ಕುಟುಂಬಗಳಲ್ಲಿಯೂ ಇದು ಸಿಕ್ಕಿತು. ಉಳಿದ ಕುಟುಂಬಗಳಲ್ಲಿ ಕಾರಣ ಬೇರೆ ಜೀನುಗಳಲ್ಲಿದೆ, ಆ ಹುಡುಕಾಟ ಮುಂದುವರಿದಿದೆ.

ಇಲ್ಲಿ ಒಂದು ಮಾತನ್ನು ಬಿಡಿಸಿ ಹೇಳಲೇಬೇಕು. ಮಗು ಕಿವುಡಾಗಿ ಹುಟ್ಟಿದರೆ ತಾಯಿ ಗ್ರಹಣದಲ್ಲಿ ಹೊರಗೆ ಬಂದಿದ್ದಳೆಂದೂ, ಬಸಿರಿನಲ್ಲಿ ತಿನ್ನಬಾರದ್ದನ್ನು ತಿಂದಳೆಂದೂ ಹೇಳಿ ಅವಳನ್ನೇ ಹೊಣೆ ಮಾಡುವುದನ್ನು ಅನೇಕ ಮನೆಗಳಲ್ಲಿ ಕೇಳಿದ್ದೇನೆ. ಡಬ್ಲ್ಯೂ24ಎಕ್ಸ್‌ನಿಂದ ಕಿವುಡುತನ ಬರಬೇಕಾದರೆ ದೋಷವಿರುವ ಪ್ರತಿ ತಾಯಿಯಿಂದಲೂ ತಂದೆಯಿಂದಲೂ ಬರಬೇಕು. ಒಂದೊಂದು ದೋಷಪ್ರತಿ ಹೊತ್ತ ಇಬ್ಬರಿಗೂ ಕಿವಿ ಚೆನ್ನಾಗಿಯೇ ಕೇಳಿಸುತ್ತದೆ, ತಾವು ಅದನ್ನು ಹೊತ್ತಿರುವುದು ಅವರಿಗೆ ಗೊತ್ತೂ ಇರುವುದಿಲ್ಲ. ಅಂಥ ದಂಪತಿಗೆ ಪ್ರತಿ ಬಸಿರಿನಲ್ಲಿಯೂ ನಾಲ್ಕರಲ್ಲಿ ಒಂದು ಪಾಲು ಕಿವುಡು ಮಗು ಹುಟ್ಟುವ ಸಂಭವವಿದೆ. ಈ ವಿಷಯವನ್ನು ವಿವರಿಸಿದ ಮೇಲೆ, ಅತ್ತೆಮಾವಂದಿರ ಎದುರಿಗೇ ‘ನನ್ನದೂ ಅರ್ಧ ಪಾಲು ಐತಿ, ನನ್ನ ರಕ್ತಾನೂ ತಗೋರಿ’ ಎಂದು ತೋಳು ಚಾಚಿದ ಗಂಡಂದಿರು ಈ ಜಿಲ್ಲೆಗಳಲ್ಲಿದ್ದಾರೆ. ಅವರಿಗೆ ನನ್ನ ವಿಶೇಷ ವಂದನೆಗಳು. ರಕ್ತ ಕೊಟ್ಟವರಲ್ಲಿ ಹೆಚ್ಚಿನವರಿಗೆ ಇದರ ಫಲಿತಾಂಶದಿಂದ ತಮ್ಮ ಮಗುವಿನ ಕಿವಿ ಸರಿಯಾಗುವುದಿಲ್ಲವೆಂದು ಮೊದಲೇ ತಿಳಿದಿತ್ತು. ಒಪ್ಪಿಗೆ ಪತ್ರ ಓದಿ ಹೇಳುವಾಗ ನಾನೇ ತಿಳಿಸಿದ್ದೆ. ಮುಂದೆ ಹುಟ್ಟುವವರಿಗೆ ಉಪಯೋಗವಾಗಲಿ ಎಂದೇ ಅವರು ಕೊಟ್ಟರು.

ಕಿವುಡ ಮಕ್ಕಳ ಶಾಲೆಗಳ ಶಿಕ್ಷಕರು ನನ್ನ ಮಾತನ್ನು ಸನ್ನೆ ಭಾಷೆಯಲ್ಲಿ ಹಿರಿಯ ವಿದ್ಯಾರ್ಥಿಗಳಿಗೆ ತಲುಪಿಸಿದರು. ಒಪ್ಪಿಗೆಯನ್ನು ತಂದೆತಾಯಿಗಳಿಂದ ಮಾತ್ರವಲ್ಲದೆ ಆ ವಿದ್ಯಾರ್ಥಿಗಳಿಂದಲೂ ಪಡೆಯಬೇಕೆಂದು ಹಟ ಹಿಡಿದವರು ಈ ಶಿಕ್ಷಕರೇ. ಒಬ್ಬ ತರುಣಿ ತಾನು ಮೆಚ್ಚಿದ ಕಿವುಡ ಹುಡುಗನನ್ನು ಮದುವೆಯಾದರೆ ಮಕ್ಕಳು ಹೇಗೆ ಹುಟ್ಟುತ್ತಾರೆಂದು ಕೇಳಿದಳು. ಇಬ್ಬರ ಕಿವುಡುತನಕ್ಕೂ ಇದೇ ಜೀನಿನ ದೋಷ ಕಾರಣವಾಗಿದ್ದರೆ ಮಕ್ಕಳೂ ಕಿವುಡಾಗುತ್ತಾರೆ, ಕಾರಣವಾದ ಜೀನುಗಳು ಬೇರೆ ಬೇರೆಯಾಗಿದ್ದರೆ ಮಕ್ಕಳಿಗೆ ಸಾಮಾನ್ಯವಾಗಿ ಕಿವಿ ಕೇಳಿಸುತ್ತದೆ. ಅವಳ ಪ್ರಶ್ನೆಯಿಂದಲೇ ನನ್ನ ಪ್ರಬಂಧದ ಕೊನೆಯ ಅಧ್ಯಾಯ ಹುಟ್ಟಿತು.

ಆಶಾ ಕಾರ್ಯಕರ್ತೆಯರು ಬಿಸಿಲಿನಲ್ಲಿ ತಾಂಡಾದಿಂದ ತಾಂಡಾಕ್ಕೆ ನನ್ನೊಡನೆ ನಡೆದರು. ಗುರಮಿಠಕಲ್ ಕಡೆ ತೆಲುಗಿನಲ್ಲಿ, ಕಲಬುರಗಿಯ ದರ್ಗಾ ಸುತ್ತಲಿನ ಓಣಿಗಳಲ್ಲಿ ಉರ್ದುವಿನಲ್ಲಿ ಮಾತಾಡಿಸಿಕೊಟ್ಟವರು ಬೇರೆಯೇ. ಬೇಸಿಗೆಯಲ್ಲಿ ರಕ್ತದ ನಳಿಕೆಗಳು ಕೆಡದಂತೆ ಡಬ್ಬಿಗೆ ಮತ್ತೆ ಮತ್ತೆ ಐಸ್ ತುಂಬಿಕೊಟ್ಟು ಹಣ ಪಡೆಯದ ಸೇಡಂನ ಅಂಗಡಿಯವರನ್ನೂ, ಆ ಡಬ್ಬಿಯನ್ನು ತಮ್ಮ ಸೀಟಿನ ಕೆಳಗೆ ನೆರಳಲ್ಲಿ ಇಟ್ಟುಕೊಂಡು ಬಂದ ಬಸ್ ಕಂಡಕ್ಟರರನ್ನೂ ನೆನೆಯುತ್ತೇನೆ.

ಕನೆಕ್ಸಿನ್ 26ರ ದೋಷದಲ್ಲಿ ಶ್ರವಣ ನರ ಸಾಮಾನ್ಯವಾಗಿ ಚೆನ್ನಾಗಿರುವುದರಿಂದ, ಎಳೆಯ ವಯಸ್ಸಿನಲ್ಲಿಯೇ ಕಾಕ್ಲಿಯರ್ ಇಂಪ್ಲಾಂಟ್ (ಶಸ್ತ್ರಚಿಕಿತ್ಸೆಯಿಂದ ಒಳಗಿವಿಯಲ್ಲಿ ಕೂರಿಸುವ ಶ್ರವಣ ಸಾಧನ) ಅಳವಡಿಸಿ ಮಾತಿನ ತರಬೇತಿ ಕೊಟ್ಟರೆ ಒಳ್ಳೆಯ ಫಲ ಸಿಗುತ್ತದೆ. ತಡವಾದಷ್ಟೂ ಮಾತು ಕಲಿಯುವುದು ಕಷ್ಟ. ಆದ್ದರಿಂದ ವಂಶಾವಳಿಯಲ್ಲಿ ಕಪ್ಪು ಗುರುತಿರುವ ಮನೆಗಳಲ್ಲಿ ಹೊಸದಾಗಿ ಮಗು ಹುಟ್ಟಿದಾಗ, ಚಪ್ಪಾಳೆ ತಟ್ಟಿ ನೋಡಿ ಸುಮ್ಮನಾಗದೆ, ಮೊದಲ ತಿಂಗಳಲ್ಲೇ ಕಿವಿಯ ತಪಾಸಣೆ ಮಾಡಿಸಿ ಎಂದು ಎಲ್ಲ ಕುಟುಂಬಗಳನ್ನೂ ಕೇಳಿಕೊಂಡಿದ್ದೇನೆ. ಪ್ರಬಂಧದ ಸಾರವನ್ನು ಕನ್ನಡದಲ್ಲಿ ಬರೆದು ಮುಗಿಸಿದ್ದೇನೆ, ಉರ್ದು ಅನುವಾದ ನಡೆಯುತ್ತಿದೆ. ಯುಗಾದಿಯ ನಂತರ ಒಂದೊಂದೇ ಊರಿಗೆ ಬಂದು, ತಮ್ಮ ಫಲಿತಾಂಶ ತಿಳಿಯಬೇಕೆನ್ನುವವರಿಗೆ ಪ್ರತ್ಯೇಕವಾಗಿ ಕೂರಿಸಿ ಹೇಳುತ್ತೇನೆ, ಬೇಡವೆನ್ನುವವರನ್ನು ಒತ್ತಾಯಿಸುವುದಿಲ್ಲ. ವಂಶಾವಳಿಯ ಒಂದು ಪ್ರತಿಯನ್ನು, ಅದನ್ನು ಬರೆಸಿದ ಆಯಿಯರ ಕೈಗೇ ಕೊಡುತ್ತೇನೆ. ಅದರಲ್ಲಿ ಯಾವುದನ್ನು ಮನೆಯ ಉಳಿದವರಿಗೆ ತೋರಿಸಬೇಕು, ಯಾವುದನ್ನು ಬೇಡ ಎಂಬುದು ಅವರ ನಿರ್ಧಾರ.