ನನ್ನ ವೋಟು ಹಟನ್‌ಗೆ

ಗೆಳೆಯಾ,

ಮನುಷ್ಯ ತನ್ನನ್ನು ತಾನು ನೋಡಿಕೊಳ್ಳುವ ರೀತಿಯನ್ನೇ ಬದಲಾಯಿಸಿದ ವಿಜ್ಞಾನಿ ಯಾರು ಅಂತ ಕೇಳಿದ್ದೀಯ. ಡಾರ್ವಿನ್ ಹೆಸರು ಹೇಳುತ್ತೇನೆ ಅಂದುಕೊಂಡಿರುತ್ತೀಯ. ನನ್ನ ವೋಟು ಜೇಮ್ಸ್ ಹಟನ್‌ಗೆ. ನಮ್ಮ ಶಾಲೆಯಲ್ಲಿ ಈ ಹೆಸರು ಯಾರೂ ಎತ್ತಿರಲಿಲ್ಲ, ಬಿಡು.

ಹಟನ್ ಸ್ಕಾಟ್ಲೆಂಡಿನವನು. ಓದಿದ್ದು ವೈದ್ಯಕೀಯ, ಮಾಡಿದ್ದು ಬೇಸಾಯ. ಮಳೆಗೆ ಹೊಲದ ಮಣ್ಣು ಕೊಚ್ಚಿಕೊಂಡು ಹೋಗುವುದನ್ನು ವರ್ಷಗಟ್ಟಲೆ ನೋಡಿದ. ಹೀಗೇ ಸವೆಯುತ್ತಿದ್ದರೆ ನೆಲವೆಲ್ಲ ಎಂದೋ ಸಮುದ್ರ ಸೇರಬೇಕಿತ್ತು, ಅಲ್ವಾ? ಸೇರಿಲ್ಲ ಅಂದರೆ ಎಲ್ಲೋ ಹೊಸ ನೆಲ ಮೇಲೇಳುತ್ತಿದೆ. ಭೂಮಿಗೆ ಸುಮಾರು 6,000 ವರ್ಷ ವಯಸ್ಸು ಎಂದು ಯೂರೋಪಿನ ಬಹಳ ಜನ ನಂಬಿದ್ದ ಕಾಲ ಅದು.

1788ರಲ್ಲಿ ಅವನು ಇಬ್ಬರು ಗೆಳೆಯರ ಜೊತೆ ದೋಣಿಯಲ್ಲಿ ಸಿಕ್ಕರ್ ಪಾಯಿಂಟ್ ಎಂಬ ಕಡಲತೀರಕ್ಕೆ ಹೋದ. ಅಲ್ಲಿ ಕೆಳಗೆ ನೆಟ್ಟಗೆ ನಿಂತ ಬೂದು ಬಂಡೆಯ ಪದರಗಳು, ಅವುಗಳ ಮೇಲೆ ಓರೆಯಾಗಿ ಮಲಗಿದ ಕೆಂಪು ಮರಳುಗಲ್ಲು. ಸುಮ್ನೆ ಯೋಚಿಸು. ಕೆಳಗಿನದು ಮೊದಲು ಸಮುದ್ರದ ತಳದಲ್ಲಿ ಮಟ್ಟಸವಾಗಿ ಕೂತು ಕಲ್ಲಾಗಬೇಕು. ಆಮೇಲೆ ಮಡಚಿಕೊಂಡು ಎದ್ದು ನಿಲ್ಲಬೇಕು. ಅದರ ತಲೆ ಸವೆದು ಹೋಗಬೇಕು. ಅದರ ಮೇಲೆ ಹೊಸ ಮರಳು ಬಿದ್ದು, ಅದೂ ಕಲ್ಲಾಗಿ, ಮತ್ತೆ ವಾಲಬೇಕು. ಇದು 6,000 ವರ್ಷದಲ್ಲಿ ಮುಗಿಯುವ ಕೆಲಸವೇ? ಜೊತೆಗಿದ್ದ ಪ್ಲೇಫೇರ್, ಕಾಲದ ಆ ಆಳಕ್ಕೆ ಇಣುಕಿ ತಲೆ ಸುತ್ತಿದಂತಾಯಿತು ಎಂದು ಬರೆದ.

ಡಾರ್ವಿನ್‌ಗೆ ಬೇಕಾಗಿದ್ದು ಈ ಕಾಲವೇ. ಬದುಕಲು ನೆರವಾಗುವ ಸಣ್ಣ ಸಣ್ಣ ಬದಲಾವಣೆಗಳು ತಲೆಮಾರುಗಳಲ್ಲಿ ಉಳಿದು ಕೂಡುತ್ತಾ ಹೋಗುವುದೇ ಅವನು ಹೇಳಿದ ನೈಸರ್ಗಿಕ ಆಯ್ಕೆ; ಕಾಲವಿಲ್ಲದೆ ಅದು ಏನು ತಾನೇ ಮಾಡೀತು? ಅದಕ್ಕೇ 1862ರಲ್ಲಿ ಭೌತವಿಜ್ಞಾನಿ ಕೆಲ್ವಿನ್, ಭೂಮಿ ತಣ್ಣಗಾಗಲು ಹಿಡಿದ ಸಮಯ ಲೆಕ್ಕ ಹಾಕಿ ಅದರ ವಯಸ್ಸು 2 ಕೋಟಿಯಿಂದ 40 ಕೋಟಿ ವರ್ಷ ಅಂದದ್ದು, ಅಷ್ಟು ಕಾಲ ಸಾಲದೆ, ಡಾರ್ವಿನ್‌ಗೆ ದೊಡ್ಡ ತಲೆನೋವಾಯಿತು. ಕೆಲ್ವಿನ್‌ನ ಗಣಿತ ಸರಿಯಿತ್ತು. ಆದರೆ ಭೂಮಿಯ ಒಳಗಿನ ಬಂಡೆ ಬಹಳ ನಿಧಾನವಾಗಿ ಹರಿಯುತ್ತದೆ, ಶಾಖವನ್ನು ಮೇಲಕ್ಕೆ ತರುತ್ತಲೇ ಇರುತ್ತದೆ. ಅವನ ಲೆಕ್ಕದಲ್ಲಿ ಅದು ಇರಲಿಲ್ಲ. ಭೂಮಿಯೊಳಗಿನ ವಿಕಿರಣಶೀಲ ವಸ್ತುಗಳಿಂದ ಹುಟ್ಟುವ ಶಾಖವೂ ಇರಲಿಲ್ಲ. ಕೊನೆಗೆ 1956ರಲ್ಲಿ ವಿಜ್ಞಾನಿ ಕ್ಲೇರ್ ಪ್ಯಾಟರ್ಸನ್, ಉಲ್ಕೆಗಳಲ್ಲಿದ್ದ ಸೀಸವನ್ನು (ಯುರೇನಿಯಂ ನಿಧಾನವಾಗಿ ಸೀಸವಾಗುತ್ತದೆ) ಅಳೆದು ಭೂಮಿಗೆ ಸುಮಾರು 455 ಕೋಟಿ ವರ್ಷ ಎಂದ. ಆ ಲೆಕ್ಕ ಇವತ್ತಿಗೂ ಹೆಚ್ಚುಕಮ್ಮಿ ಹಾಗೇ ಇದೆ.

ಲಾಲ್‌ಬಾಗಿನ ಬಂಡೆಗೆ ಸುಮಾರು 300 ಕೋಟಿ ವರ್ಷ. ಸಿಕ್ಕರ್ ಪಾಯಿಂಟ್ ಅದರ ಮುಂದೆ ಮೊನ್ನೆ ಹುಟ್ಟಿದ್ದು. ಜಾಸ್ತಿ ಜನ ಕೆಂಪೇಗೌಡರ ಗೋಪುರದ ಹತ್ತಿರ ಸೆಲ್ಫಿ ತೆಗೆದು ಇಳಿದುಬಿಡುತ್ತಾರೆ.

ನೀನು ಕೋಪರ್ನಿಕಸ್ ಅನ್ನುತ್ತೀಯ, ಗೊತ್ತು. ಆದರೆ ಅವನು ವಿಶ್ವದಲ್ಲಿ ನಮ್ಮ ಜಾಗ ಬದಲಿಸಿದ ಅಷ್ಟೇ, ನಮ್ಮ ಭೂಮಿಯ ವಯಸ್ಸನ್ನಲ್ಲ. ಒಪ್ಪದಿದ್ದರೆ ಬರೆ, ಜಗಳ ಆಡೋಣ.

ನಿನ್ನ ಗೆಳೆಯ